ಚುನಾವಣೆ ಗೆದ್ದರೆ ಸಂವಿಧಾನ ತಿದ್ದಲು ಒಪ್ಪಿಗೆ ಸಿಕ್ಕ ಹಾಗಾ? ಹಾಗಾದರೆ 1977ರ ಕರ್ನಾಟಕಕ್ಕೆ ಏನು ಹೇಳೋಣ?

ಅರಳೀಕಟ್ಟೆ

"ಜನ ಇಷ್ಟು ಸೀಟು ಕೊಟ್ಟಿದ್ದಾರೆ, ಇನ್ನು ಸಂವಿಧಾನ ತಿದ್ದಲು ಯಾರ ಅಪ್ಪಣೆ ಬೇಕು?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಧಿಕಾರದಲ್ಲಿ ಇರುವವರು ಹೇಳುತ್ತಾರೆ, ಕಳೆದುಕೊಂಡವರು ಬೈಯುತ್ತಾರೆ. ಐದು ವರ್ಷ ಬಿಟ್ಟು ನೋಡಿದರೆ ಪಾತ್ರ ಅದಲುಬದಲು.

ಬರೀ ತತ್ವ ಹಿಡಿದು ಜಗಳ ಆಡಿದರೆ ಇದು ಬಗೆಹರಿಯುವುದಿಲ್ಲ. ಹಾಗಾಗಿ ಒಂದು ಹಳೇ ಲೆಕ್ಕ ಮುಂದಿಡುತ್ತೇನೆ.

1971ರ ಲೋಕಸಭೆ ಚುನಾವಣೆ. ಇಂದಿರಾ ಗಾಂಧಿಯವರ ಕಾಂಗ್ರೆಸ್ 518ರಲ್ಲಿ 352 ಸೀಟು ಗೆದ್ದಿತು. ಆಗಿನ ಮೈಸೂರು ರಾಜ್ಯದ 27ಕ್ಕೆ 27 ಅವರಿಗೇ ಹೋದವು. ಅದೇ ಲೋಕಸಭೆ 1976ರ ನವೆಂಬರಿನಲ್ಲಿ 42ನೇ ತಿದ್ದುಪಡಿ ಪಾಸು ಮಾಡಿತು. ಒಟ್ಟು 59 ಕಲಂಗಳ ದೊಡ್ಡ ಕಟ್ಟು. ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತ ಅದರಲ್ಲಿ ಬರೆದರು. ಲೋಕಸಭೆಯ ಅವಧಿಯನ್ನು 5ರಿಂದ 6 ವರ್ಷಕ್ಕೆ ಏರಿಸಿದರು. ಆಗ ತುರ್ತುಪರಿಸ್ಥಿತಿ. ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದರು.

1977ರ ಮಾರ್ಚಿನಲ್ಲಿ ಚುನಾವಣೆ ಬಂತು. ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ಸಿಗೆ ಸೊನ್ನೆ. ಬಿಹಾರದಲ್ಲೂ ಸೊನ್ನೆ. ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ನಮ್ಮಲ್ಲಿ? 28ರಲ್ಲಿ 26 ಕಾಂಗ್ರೆಸ್!

ಈಗ ಹೇಳಿ. ಗೆಲುವೇ ಒಪ್ಪಿಗೆ ಅನ್ನುವುದಾದರೆ, ಕರ್ನಾಟಕದ ಮತದಾರ 42ನೇ ತಿದ್ದುಪಡಿಗೆ ಮುದ್ರೆ ಒತ್ತಿದ ಅಂತ ಆಗುತ್ತದೆ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟದ್ದಕ್ಕೂ ಒಪ್ಪಿದ ಅಂತ ಆಗುತ್ತದೆ. ಇದನ್ನು ನಂಬಲು ನನಗೆ ಆಗುತ್ತಿಲ್ಲ.

ನನಗೆ ಕಾಣುವುದು ಇಷ್ಟು. ಗೆದ್ದವರಿಗೆ ತಿದ್ದುಪಡಿ ಮಂಡಿಸುವ ಹಕ್ಕಿದೆ. ಜನ ಆಗಲೇ ಒಪ್ಪಿಬಿಟ್ಟಿದ್ದಾರೆ ಅಂತ ಹೇಳಿಕೊಳ್ಳುವ ಹಕ್ಕಿಲ್ಲ. ಆ ಒಪ್ಪಿಗೆಯನ್ನು ಪ್ರತಿ ಸಲ ಬೇರೆಯಾಗಿಯೇ ಗಳಿಸಬೇಕು. ಬೇರೆ ಅಭಿಪ್ರಾಯ ಇದ್ದರೆ ಬರಲಿ.

ಗೇಣಿ_ಮೊಮ್ಮಗ

ಆ 26 ಸೀಟು ಯಾಕೆ ಬಂತು ಅಂತ ನಾನು ಹೇಳುತ್ತೇನೆ. ನಮ್ಮಜ್ಜ ದಕ್ಷಿಣ ಕನ್ನಡದಲ್ಲಿ ಗೇಣಿ ಒಕ್ಕಲು. 1977ರಲ್ಲಿ ಅವರು ಹಸು-ಕರುವಿಗೆ, ಅಂದರೆ ಆಗಿನ ಕಾಂಗ್ರೆಸ್ ಚಿಹ್ನೆಗೆ, ಓಟು ಹಾಕಿದವರು. 42ನೇ ತಿದ್ದುಪಡಿ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಉಳುವ ಭೂಮಿ ತನ್ನದಾಗಲಿ ಅಂತ ಗೇಣಿದಾರ ಹಾಕುವ ಅರ್ಜಿ, ಆ ಫಾರ್ಮ್ 7 ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ದೇವರಾಜ ಅರಸರ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿ ಮುಂದೆ ನಿಂತು, ಉಳುತ್ತಿದ್ದ ಗದ್ದೆಯನ್ನು ತಮ್ಮದು ಮಾಡಿಕೊಂಡರು. ಓಟು ಬಿದ್ದದ್ದು ಅದಕ್ಕೆ.

ಅಲ್ಲಿಗೆ ನಿಮ್ಮ ಮಾತು ಅರ್ಧ ಸರಿ. ಇನ್ನರ್ಧಕ್ಕೆ ನನ್ನ ತಕರಾರಿದೆ.

ಗದ್ದೆ ನಮ್ಮದಾದದ್ದು ಕೋರ್ಟಿನ ದಯೆಯಿಂದ ಅಲ್ಲ. ಸಂವಿಧಾನ ತಿದ್ದಿದ್ದರಿಂದ. 1951ರಲ್ಲಿ ಬಿಹಾರದ ಜಮೀನ್ದಾರಿ ರದ್ದತಿ ಕಾಯ್ದೆಯನ್ನು ಪಟ್ನಾ ಹೈಕೋರ್ಟ್ ಹೊಡೆದುಹಾಕಿತು. ಆಮೇಲೆ ಮೊದಲ ತಿದ್ದುಪಡಿ ತಂದು ಒಂಬತ್ತನೇ ಶೆಡ್ಯೂಲ್ ಮಾಡಿದರು, ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟ್ ಹೊಡೆಯದಂತೆ ಕಾಯ್ದೆಗಳನ್ನು ಕಾಪಾಡುವ ಪಟ್ಟಿ. ನಮ್ಮ 1961ರ ಮೈಸೂರು ಭೂಸುಧಾರಣಾ ಕಾಯ್ದೆಯೂ 1964ರ 17ನೇ ತಿದ್ದುಪಡಿಯಲ್ಲಿ ಆ ಪಟ್ಟಿಗೆ ಸೇರಿತು. 1967ರಲ್ಲಿ ಗೋಲಕನಾಥ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 6-5ರಲ್ಲಿ ಏನು ಹೇಳಿತು? ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ತಿದ್ದುಪಡಿ ಇನ್ನು ಮುಂದೆ ಮಾಡುವಂತಿಲ್ಲ ಅಂತ. ಆಗ ಆಸ್ತಿಯೂ ಮೂಲಭೂತ ಹಕ್ಕು.

ಒಬ್ಬೇ ಒಬ್ಬ ಜಡ್ಜ್ ಹೆಚ್ಚಿಗೆ. ಅಷ್ಟಕ್ಕೆ ಕೋಟಿಗಟ್ಟಲೆ ಒಕ್ಕಲುಗಳ ಭವಿಷ್ಯ ಅಲ್ಲಾಡಿತು. ಜನ ಆರಿಸಿದವರಿಗೆ ಹಕ್ಕಿಲ್ಲ, ಯಾರೂ ಆರಿಸದ ಆರು ಮಂದಿಗೆ ಹಕ್ಕಿದೆಯಾ?

ಸುಮ್ನೆ_ಓದುಗ

ಆ ತೀರ್ಪು ಕೊಟ್ಟ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅದೇ ವರ್ಷ ರಾಜೀನಾಮೆ ಕೊಟ್ಟು ವಿರೋಧ ಪಕ್ಷಗಳ ಕಡೆಯಿಂದ ರಾಷ್ಟ್ರಪತಿ ಚುನಾವಣೆಗೆ ನಿಂತರು. ಸೋತರು. ಇದೂ ಇರಲಿ ಲೆಕ್ಕದಲ್ಲಿ.

ಕರಿಕೋಟು

ನಾನು ವೃತ್ತಿಯಲ್ಲಿ ವಕೀಲ. ಇಬ್ಬರೂ 1971ರಿಂದ 77ರವರೆಗಿನದನ್ನು ಒಂದೇ ಗಂಟು ಕಟ್ಟುತ್ತಿದ್ದೀರಿ. ಬಿಚ್ಚಿ ನೋಡಬೇಕು.

1970ರ ಫೆಬ್ರವರಿಯಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಡಿಸೆಂಬರಿನಲ್ಲಿ ರಾಜಧನ, ಅಂದರೆ ಹಳೇ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ಹಣ, ಅದರ ರದ್ದತಿಯ ಆದೇಶವೂ ಬಿತ್ತು. ಕೆಲವೇ ದಿನಗಳಲ್ಲಿ ಇಂದಿರಾ ಲೋಕಸಭೆ ವಿಸರ್ಜಿಸಿ ಜನರ ಹತ್ತಿರ ಹೋದರು. 1971ರ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಇದು ಬರಹದಲ್ಲೇ ಇತ್ತು. ಸಾಮಾಜಿಕ ನ್ಯಾಯದ ದಾರಿಗೆ ಅಡ್ಡ ಬಂದದ್ದನ್ನು ತೆಗೆಯಲು ಬೇಕಾದ ಸಂವಿಧಾನ ತಿದ್ದುಪಡಿ ತರುತ್ತೇವೆ ಅಂತ. ಕೇಳಿದರು, ಗೆದ್ದರು, ತಂದರು. 24ನೇ ತಿದ್ದುಪಡಿ ಸಂಸತ್ತಿನ ತಿದ್ದುವ ಅಧಿಕಾರವನ್ನು ವಾಪಸ್ ತಂದಿತು. 26ನೆಯದು ರಾಜಧನ ನಿಲ್ಲಿಸಿತು. ದೇಶದಲ್ಲೇ ದೊಡ್ಡ ರಾಜಧನ ನಮ್ಮ ಮೈಸೂರು ಅರಮನೆಗೆ ಬರುತ್ತಿತ್ತು, ವರ್ಷಕ್ಕೆ 26 ಲಕ್ಷ. ಮೈಸೂರು ರಾಜ್ಯದ ಮತದಾರರು ಅದು ಗೊತ್ತಿದ್ದೇ 27ಕ್ಕೆ 27 ಕೊಟ್ಟರು. ಇವಕ್ಕೆ ಜನರ ಒಪ್ಪಿಗೆ ಇತ್ತು ಅಂದರೆ ನಾನು ತಲೆಯಾಡಿಸುತ್ತೇನೆ.

1975ಕ್ಕೆ ಬನ್ನಿ. ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ಆಯ್ಕೆಯನ್ನು ಅಸಿಂಧು ಮಾಡಿತು. ಆಗಸ್ಟಿನಲ್ಲಿ 39ನೇ ತಿದ್ದುಪಡಿ ಬಂತು. ಪ್ರಧಾನಿಯ ಆಯ್ಕೆಯನ್ನು ಕೋರ್ಟುಗಳು ವಿಚಾರಿಸುವಂತಿಲ್ಲ ಅಂತ. ಲೋಕಸಭೆಯಲ್ಲಿ ಮಂಡನೆ, ಚರ್ಚೆ, ಅಂಗೀಕಾರ ಎಲ್ಲ ಒಂದೇ ದಿನ. ಇದನ್ನು 1971ರಲ್ಲಿ ಯಾರು ಕೇಳಿದ್ದರು? ಗರೀಬಿ ಹಟಾವೊ ಅಂದವರಿಗೆ ಓಟು ಹಾಕಿದ ಜನ ಇದಕ್ಕೂ ಹಾಕಿದರಾ?

42ನೆಯದು ಇನ್ನೂ ವಿಚಿತ್ರ. 1971ರ ಮಾರ್ಚಿನಲ್ಲಿ ಕೂತ ಲೋಕಸಭೆಯ ಐದು ವರ್ಷ 1976ರ ಮಾರ್ಚಿಗೆ ಮುಗಿಯಬೇಕಿತ್ತು. ತಿದ್ದುಪಡಿ ಪಾಸಾದದ್ದು ನವೆಂಬರಿನಲ್ಲಿ.

ಸುಮ್ನೆ_ಓದುಗ

ಒಂದು ನಿಮಿಷ. ಅವಧಿ ಮುಗಿದ ಸಭೆ ಕೂತು ತನ್ನ ಅವಧಿಯನ್ನೇ ಜಾಸ್ತಿ ಮಾಡಿಕೊಂಡಿತಾ?

ಕರಿಕೋಟು

ಹೌದು. ಕಾನೂನಿನಲ್ಲಿ ಜಾಗ ಇತ್ತು. ತುರ್ತುಪರಿಸ್ಥಿತಿ ಇದ್ದಾಗ ಲೋಕಸಭೆಯ ಅವಧಿಯನ್ನು ಒಂದು ಸಲಕ್ಕೆ ಒಂದು ವರ್ಷ ಮುಂದೂಡಬಹುದು. ಹಾಗೆ ಮುಂದೂಡಿದ್ದರು. ಕಾಗದದ ಮೇಲೆ ಎಲ್ಲ ಸರಿ. ಆದರೆ 352 ಸೀಟಿನ ಹೆಸರು ಹೇಳಿಕೊಂಡು ಬಂದದ್ದು, ಆ ಸೀಟುಗಳ ಐದು ವರ್ಷವೇ ಮುಗಿದ ಮೇಲೆ!

ಎಡನೀರು_ಕಡೆಯವ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಈ ಕಥೆಯ ನಡುಮಧ್ಯೆ ನಮ್ಮೂರ ಸ್ವಾಮೀಜಿ ಇದ್ದಾರೆ, ಅವರನ್ನು ಬಿಟ್ಟು ಮಾತಾಡಿದರೆ ಹೇಗೆ?

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಯಕ್ಷಗಾನ, ಸಂಗೀತ ಅಂದರೆ ಪ್ರಾಣ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕೇರಳ. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿ ಬೆಳೆದು ಬೆಳೆದು 24, 25, 29ನೇ ತಿದ್ದುಪಡಿಗಳನ್ನೇ ಪ್ರಶ್ನಿಸುವ ಕೇಸಾಯಿತು. 13 ಜಡ್ಜುಗಳು, 68 ದಿನದ ವಿಚಾರಣೆ. 1973ರ ಏಪ್ರಿಲ್ 24ಕ್ಕೆ 7-6ರ ತೀರ್ಪು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಮೂಲ ಚೌಕಟ್ಟನ್ನು ಕೆಡಿಸುವಂತಿಲ್ಲ.

ಗೇಣಿ_ಮೊಮ್ಮಗ ಅವರೇ, ಗಮನಿಸಿ. ಆ ತೀರ್ಪಿನಲ್ಲಿ ಗೋಲಕನಾಥ್ ತೀರ್ಪು ಬಿದ್ದುಹೋಯಿತು. 24ನೇ ತಿದ್ದುಪಡಿ ಉಳಿಯಿತು. ಕೇರಳದ ಭೂಸುಧಾರಣೆ ಕಾಯ್ದೆಗಳನ್ನು ಒಂಬತ್ತನೇ ಶೆಡ್ಯೂಲಿಗೆ ಹಾಕಿದ 29ನೆಯದೂ ಉಳಿಯಿತು. ಸ್ವಾಮೀಜಿ ಹೆಸರು ಕಾನೂನು ಪುಸ್ತಕದಲ್ಲಿ ಶಾಶ್ವತವಾಯಿತು, ಮಠದ ಭೂಮಿ ಮಾತ್ರ ಉಳಿಯಲಿಲ್ಲ. ನಿಮ್ಮಜ್ಜನಂಥವರ ಗದ್ದೆಗೆ ಆ ತೀರ್ಪಿನಿಂದ ಧಕ್ಕೆ ಆಗಲಿಲ್ಲ.

ಇನ್ನೊಂದು. ಆ ಏಳು ಜಡ್ಜುಗಳಲ್ಲಿ ಒಬ್ಬರು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಸೇವೆಯಲ್ಲಿ ಹಿರಿಯರಾದ ಶೇಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಈಗ ಅರಳೀಕಟ್ಟೆಯವರ 28ರಲ್ಲಿ 26ಕ್ಕೆ ಬನ್ನಿ. ಉಳಿದ ಎರಡು ಸೀಟು ಜನತಾ ಪಕ್ಷಕ್ಕೆ. ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದವರು ಯಾರು ಗೊತ್ತಾ? ಇದೇ ಕೆ.ಎಸ್. ಹೆಗ್ಡೆ. ಆಮೇಲೆ ಲೋಕಸಭೆಯ ಸ್ಪೀಕರ್ ಆದರು.

ಅರಳೀಕಟ್ಟೆ

ಇದನ್ನು ನೆನಪಿಸಿದ್ದು ಒಳ್ಳೆಯದಾಯಿತು. ಅಂದರೆ ಸಂವಿಧಾನದ ಪ್ರಶ್ನೆಯೇ ಮನುಷ್ಯರೂಪದಲ್ಲಿ ಓಟು ಕೇಳಿದ ಒಂದು ಕ್ಷೇತ್ರದಲ್ಲಿ ಕಾಂಗ್ರೆಸ್ ಸೋತಿತು. ಪ್ರಶ್ನೆ ಗದ್ದೆಯದ್ದಾದ ಕಡೆ ಗೆದ್ದಿತು. ಒಂದೇ ರಾಜ್ಯ, ಒಂದೇ ದಿನದ ಎಣಿಕೆ. ಇದರಲ್ಲಿ "ಜನರ ತೀರ್ಮಾನ" ಅಂತ ಯಾವುದನ್ನು ಓದುತ್ತೀರಿ?

ಕನಕಪುರ_ರಸ್ತೆ

ಎಲ್ಲರೂ ಇಂದಿರಾ ಕಾಲದಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ. ಕೆಟ್ಟ ಉದಾಹರಣೆ ಆರಿಸಿಕೊಂಡರೆ ಯಾವ ವಾದ ಬೇಕಾದರೂ ಗೆಲ್ಲಬಹುದು. ನಾನೊಂದು ಕೊಡುತ್ತೇನೆ.

2014ರ ಆಗಸ್ಟ್. ಜಡ್ಜುಗಳ ನೇಮಕಕ್ಕೆ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ ತರುವ ತಿದ್ದುಪಡಿ, 99ನೆಯದು. ಲೋಕಸಭೆಯಲ್ಲಿ 367 ಮತ ಪರ, ವಿರುದ್ಧ ಸೊನ್ನೆ. ರಾಜ್ಯಸಭೆಯಲ್ಲಿ 179 ಪರ, ರಾಮ್ ಜೇಠ್ಮಲಾನಿ ಒಬ್ಬರು ತಟಸ್ಥ. 16 ರಾಜ್ಯಗಳ ವಿಧಾನಸಭೆಗಳು ಅನುಮೋದಿಸಿದವು. ಯಾರೂ ಜೈಲಿನಲ್ಲಿ ಇರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರ್ ಇರಲಿಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕೈ ಎತ್ತಿದವು.

2015ರ ಅಕ್ಟೋಬರಿನಲ್ಲಿ ಐದು ಜಡ್ಜುಗಳ ಪೀಠ 4-1ರಲ್ಲಿ ಅದನ್ನು ರದ್ದು ಮಾಡಿತು. ಜಡ್ಜುಗಳನ್ನು ಜಡ್ಜುಗಳೇ ನೇಮಿಸುವ ಕೊಲಿಜಿಯಂ ವಾಪಸ್ ಬಂತು. ಚೆಲಮೇಶ್ವರ್ ಒಬ್ಬರೇ ಭಿನ್ನ ತೀರ್ಪು ಬರೆದರು. ಗಳಿಸಬೇಕು ಅನ್ನುತ್ತೀರಲ್ಲ, ಇದಕ್ಕಿಂತ ಜಾಸ್ತಿ ಗಳಿಸುವುದು ಹೇಗೆ?

ಗೇಣಿ_ಮೊಮ್ಮಗ

ಇದನ್ನೇ ನಾನು ಹೇಳುತ್ತಿದ್ದದ್ದು.

ಕರಿಕೋಟು

ಕನಕಪುರದವರ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಆ ತೀರ್ಪು ನನಗೂ ರುಚಿಸಿಲ್ಲ. ತಮ್ಮ ಮನೆ ವಿಷಯದಲ್ಲಿ ತಾವೇ ನ್ಯಾಯ ಹೇಳಿಕೊಂಡ ಹಾಗಾಯಿತು.

ಆದರೆ ನಿಮ್ಮ ಉದಾಹರಣೆಯಲ್ಲೇ ಒಂದು ಮಾತಿದೆ ನೋಡಿ. ಅದರ ಬಲ ಬಂದದ್ದು 282 ಸೀಟಿನ ಗೆಲುವಿನಿಂದ ಅಲ್ಲ. ಸೋತ ಪಕ್ಷವೂ ಒಪ್ಪಿದ್ದರಿಂದ, ಬೇರೆ ಬೇರೆ ಪಕ್ಷಗಳ ರಾಜ್ಯಗಳು ಒಪ್ಪಿದ್ದರಿಂದ. ಆಗ ಗೆದ್ದ ಪಕ್ಷಕ್ಕೆ ಬಿದ್ದದ್ದು ಶೇ. 31 ಮತ. 1971ರಲ್ಲಿ ಇಂದಿರಾ ಅವರಿಗೆ ಸುಮಾರು ಶೇ. 44. ಈ ದೇಶದ ಯಾವ ಲೋಕಸಭೆ ಚುನಾವಣೆಯಲ್ಲೂ ಒಂದೇ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿಲ್ಲ. 1984ರ ಅಲೆಯಲ್ಲೂ ಇಲ್ಲ. ಸೀಟಿನ ಮೂರನೇ ಎರಡು ಅಂದರೆ ಜನರ ಮೂರನೇ ಎರಡು ಅಲ್ಲ, ಅಲ್ವಾ? ತಿದ್ದುಪಡಿ ಹೇಗೆ ಅಂತ ಹೇಳುವ 368ನೇ ವಿಧಿಯಲ್ಲಿ ರಾಜ್ಯಸಭೆ, ರಾಜ್ಯಗಳು ಅಂತೆಲ್ಲ ಇರುವುದು ಇದಕ್ಕೇ.

ಹುಬ್ಬಳ್ಳಿ_ಮಿರ್ಚಿ

ಸೀಟಿನ ಲೆಕ್ಕಕ್ಕೆ ಒಂದು ಮಜಾ ಸೇರಿಸುತ್ತೇನೆ.

1984ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿಗೆ 514ರಲ್ಲಿ 404. ಅಷ್ಟು ದೊಡ್ಡ ಗೆಲುವು ಆಮೇಲೆ ಯಾರಿಗೂ ಸಿಕ್ಕಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಡುತ್ತೇನೆ ಅಂತ 1989ರಲ್ಲಿ 64ನೇ ತಿದ್ದುಪಡಿ ಮಸೂದೆ ತಂದರು. ಲೋಕಸಭೆ ದಾಟಿತು. ರಾಜ್ಯಸಭೆಯಲ್ಲಿ ಬಿತ್ತು. ರಾಜ್ಯಗಳಿಗೆ ಅನುಮಾನ ಇತ್ತು. ದೆಹಲಿ ನಮ್ಮನ್ನು ದಾಟಿ ಹಳ್ಳಿಗೆ ಕೈ ಹಾಕುತ್ತಿದೆ ಅಂತ.

ಮೂರು ವರ್ಷದ ಮೇಲೆ ಪಿ.ವಿ. ನರಸಿಂಹ ರಾವ್. ಅವರಿಗೆ ಸ್ವಂತ ಬಹುಮತವೇ ಇರಲಿಲ್ಲ. 1992ರ ಡಿಸೆಂಬರಿನಲ್ಲಿ ಅವರ ಸರ್ಕಾರ 73 ಮತ್ತು 74ನೇ ತಿದ್ದುಪಡಿ ಪಾಸು ಮಾಡಿತು. ಜಂಟಿ ಸಮಿತಿಗೆ ಕಳಿಸಿ, ರಾಜ್ಯಗಳ ಮಾತು ಕೇಳಿ, ಒಂದಿಷ್ಟು ಬಿಟ್ಟುಕೊಟ್ಟು ಮಾಡಿತು. ಇವತ್ತು ನಿಮ್ಮೂರ ಗ್ರಾಮ ಪಂಚಾಯಿತಿ ಚುನಾವಣೆ ನಡೆಯುವುದು ಅದರ ಬಲದಿಂದ.

ನಮ್ಮಲ್ಲಿ ಅದಕ್ಕಿಂತ ಮೊದಲೇ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿ ನಜೀರ್ ಸಾಬ್ ಜಿಲ್ಲಾ ಪರಿಷತ್ ಮಾಡಿ ತೋರಿಸಿದ್ದರು. 1987ರಲ್ಲಿ ಚುನಾವಣೆಯೂ ಆಯಿತು. ಹಳ್ಳಿ ಕಡೆ ನೀರು ಸಾಬ್ ಅಂದರೆ ಇವತ್ತಿಗೂ ಹಿರಿಯರಿಗೆ ಗೊತ್ತು. ಅಷ್ಟು ಒಳ್ಳೆ ಕೆಲಸ ಮಾಡಿದ ಕರ್ನಾಟಕದಂಥ ರಾಜ್ಯವನ್ನು ಕೂರಿಸಿ ಮಾತಾಡದೆ 404 ಸೀಟಿನವರು ಎಡವಿದರು. ಸೀಟು ಇಲ್ಲದವರು ಮಾತಾಡಿಸಿ ಗೆದ್ದರು.

ಗೇಣಿ_ಮೊಮ್ಮಗ

ಸರಿ, ನನಗೂ ಒಂದು ಉಲ್ಟಾ ಲೆಕ್ಕ ಇದೆ. ಮೊದಲ ತಿದ್ದುಪಡಿ ಬಂದದ್ದು 1951ರ ಜೂನಿನಲ್ಲಿ. ಮೊದಲ ಸಾರ್ವತ್ರಿಕ ಚುನಾವಣೆ ಶುರುವಾದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಅಂದರೆ ಯಾವ ಸಾರ್ವತ್ರಿಕ ಚುನಾವಣೆಯನ್ನೂ ಗೆಲ್ಲದ ಹಂಗಾಮಿ ಸಂಸತ್ತು ಸಂವಿಧಾನ ತಿದ್ದಿತು. ಅದೂ ಸಂವಿಧಾನ ಜಾರಿಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ಶ್ಯಾಮಪ್ರಸಾದ್ ಮುಖರ್ಜಿ ಸಭೆಯಲ್ಲೇ ಜೋರಾಗಿ ವಿರೋಧಿಸಿದರು.

ಆದರೆ ಹಿಂದುಳಿದವರಿಗೆ ಮೀಸಲಾತಿ ಕೊಡಲು ಇವತ್ತಿಗೂ ಆಧಾರವಾಗಿರುವ 15(4) ಬಂದದ್ದು ಆ ತಿದ್ದುಪಡಿಯಿಂದ. ಮದ್ರಾಸಿನ ಮೀಸಲಾತಿ ಆದೇಶವನ್ನು ಕೋರ್ಟ್ ಹೊಡೆದ ಮೇಲೆ. ಚುನಾವಣೆವರೆಗೆ ಕಾಯಬೇಕಿತ್ತು ಅಂತ ಅರಳೀಕಟ್ಟೆಯವರು ಹೇಳುತ್ತಾರಾ?

ಅರಳೀಕಟ್ಟೆ

ಹೌದು, ಕಾದಿದ್ದರೆ ಚೆನ್ನಾಗಿರುತ್ತಿತ್ತು ಅಂತಲೇ ಹೇಳುತ್ತೇನೆ. ಏಳೆಂಟು ತಿಂಗಳಲ್ಲಿ ನೆಹರೂ ಭರ್ಜರಿಯಾಗಿ ಗೆದ್ದರು. ಆಮೇಲೆ ತಂದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅದೇ ತಿದ್ದುಪಡಿಯಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಹೊಸ ಕಡಿವಾಣಗಳೂ ಬಂದವು. ಮೀಸಲಾತಿ, ಜಮೀನ್ದಾರಿ ಜೊತೆ ಅದನ್ನೂ ಒಂದೇ ಮಸೂದೆಗೆ ಕಟ್ಟಿದರು. ಒಳ್ಳೆಯದರ ಬೆನ್ನ ಮೇಲೆ ಬೇರೆಯದನ್ನು ಹತ್ತಿಸಿ ಕಳಿಸುವ ಅಭ್ಯಾಸ ಅಲ್ಲಿಂದಲೇ ಶುರು.

ಘಟ್ಟದ_ಕೆಳಗೆ

ಉತ್ತರ ಕನ್ನಡದವನಾಗಿ ನಾನು ಬಾಯಿ ಬಿಡಲೇಬೇಕು.

2024ರ ಮಾರ್ಚಿನಲ್ಲಿ ನಮ್ಮ ಆಗಿನ ಸಂಸದ ಅನಂತಕುಮಾರ ಹೆಗಡೆ ಹೇಳಿದ್ದು ನೆನಪಿದೆಯಲ್ಲ. ಸಂವಿಧಾನ ತಿದ್ದಬೇಕಾದರೆ 400ಕ್ಕಿಂತ ಜಾಸ್ತಿ ಸೀಟು ಬೇಕು, ಎರಡೂ ಸದನದಲ್ಲಿ ಬಲ ಬೇಕು, ರಾಜ್ಯಗಳೂ ಬೇಕು ಅಂತ. ಪಕ್ಷ ಅದು ಅವರ ಸ್ವಂತ ಅಭಿಪ್ರಾಯ ಅಂದಿತು. ಟಿಕೆಟ್ ಕಾಗೇರಿಯವರಿಗೆ ಹೋಯಿತು, ಅವರೇ ಗೆದ್ದರು. ದೇಶದ ಬೇರೆ ಕಡೆ ಆ ಮಾತನ್ನೇ ಹಿಡಿದು ವಿರೋಧ ಪಕ್ಷಗಳು ಪ್ರಚಾರ ಮಾಡಿದವು. ಪ್ರಧಾನಿಯೇ ಭಾಷಣಗಳಲ್ಲಿ ಸಂವಿಧಾನ ಬದಲಿಸುವ ಮಾತೇ ಇಲ್ಲ ಅನ್ನಬೇಕಾಯಿತು. ಕೊನೆಗೆ ಬಂದದ್ದು 240.

ಆ ಮಾತು ಒಳ್ಳೆಯದೋ ಕೆಟ್ಟದ್ದೋ ಅಂತ ಇಲ್ಲಿ ಜಗಳ ಬೇಡ. ನನಗೆ ಕುತೂಹಲ ಬೇರೆ. 1971ರಲ್ಲಿ ತಿದ್ದುಪಡಿ ತರುತ್ತೇವೆ ಅಂತ ಬರೆದುಕೊಂಡು ಓಟು ಕೇಳಿದರು, ಸಿಕ್ಕಿತು. 2024ರಲ್ಲಿ ಬಾಯಿ ಬಿಟ್ಟವರನ್ನು ಪಕ್ಷವೇ ಸುಮ್ಮನಾಗಿಸಿತು. ಕೇಳಿದರೆ ಓಟು ಹೋಗುತ್ತದೆ ಅಂತ ಗೊತ್ತು. ಹಾಗೆ ಕೇಳದೇ ಗೆದ್ದವರು, ಯಾವ ಪಕ್ಷವೇ ಆಗಲಿ, ಆಮೇಲೆ "ಜನರ ಒಪ್ಪಿಗೆ ಇದೆ" ಅಂದರೆ ಅದು ಮೋಸ.

ಕನಕಪುರ_ರಸ್ತೆ

ಕೇಳಿದ್ದೂ ಇದೆಯಲ್ಲ. ಒಂದು ದೇಶ ಒಂದು ಚುನಾವಣೆ ಅದೇ ಪ್ರಣಾಳಿಕೆಯಲ್ಲಿ ಇತ್ತು.

ಘಟ್ಟದ_ಕೆಳಗೆ

ಇತ್ತು. ಹಾಗಾಗಿ ಅದನ್ನು ಮಂಡಿಸಿದ್ದಕ್ಕೆ ನನ್ನ ತಕರಾರಿಲ್ಲ. 2024ರ ಡಿಸೆಂಬರ್ 17ರಂದು ಮಂಡನೆಗೆ 269 ಪರ, 198 ವಿರುದ್ಧ ಬಿದ್ದವು. ಮಂಡನೆಗೆ ಅಷ್ಟು ಸಾಕು. ಅವತ್ತು ಅಷ್ಟೇ ಜನ ಇದ್ದು ಪಾಸು ಮಾಡಬೇಕಿದ್ದರೆ ಮೂರನೇ ಎರಡು, ಅಂದರೆ 312 ಬೇಕಿತ್ತು. ಜಂಟಿ ಸಮಿತಿಗೆ ಹೋಯಿತು.

ಈಗ ನಮ್ಮ ರಾಜ್ಯ ನೋಡಿ. 2023ರಲ್ಲಿ ಇದೇ ಮತದಾರರು ವಿಧಾನಸಭೆಗೆ ಕಾಂಗ್ರೆಸ್ಸಿಗೆ 135 ಕೊಟ್ಟರು. ಮರುವರ್ಷ ಲೋಕಸಭೆಗೆ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. 2024ರ ಜುಲೈನಲ್ಲಿ ಆ 135ರ ಬಲದ ವಿಧಾನಸಭೆ ಒಂದು ಚುನಾವಣೆ ಬೇಡ ಅಂತ ನಿರ್ಣಯ ಮಾಡಿತು. ಡಿಸೆಂಬರಿನಲ್ಲಿ ಆ 19ರ ಮೈತ್ರಿಯ ಸರ್ಕಾರ ಬೇಕು ಅಂತ ಮಸೂದೆ ತಂದಿತು. ನಾನು ಯಾವುದಕ್ಕೆ ಒಪ್ಪಿಗೆ ಕೊಟ್ಟೆ?

ಹುಬ್ಬಳ್ಳಿ_ಮಿರ್ಚಿ

ಎರಡಕ್ಕೂ ಕೊಟ್ಟಿದ್ದೀರಿ, ಸಹಿ ನೋಡಿ.

ಮೆಲ್ಬರ್ನ್_ಮಳೆ

ಹೊರಗಿನವಳ ಒಂದು ಮಾತು. ನಾನಿರುವ ಆಸ್ಟ್ರೇಲಿಯಾದಲ್ಲಿ ಈ ಗೊಂದಲವನ್ನೇ ಇಟ್ಟುಕೊಂಡಿಲ್ಲ. ಪಕ್ಷ ಎಷ್ಟೇ ಸೀಟು ಗೆದ್ದಿರಲಿ, ಸಂವಿಧಾನದ ಒಂದು ಅಕ್ಷರ ಮುಟ್ಟಬೇಕಾದರೂ ಜನಮತ ಬೇಕು. ಒಟ್ಟು ದೇಶದಲ್ಲಿ ಬಹುಮತ, ಜೊತೆಗೆ ಆರರಲ್ಲಿ ನಾಲ್ಕು ರಾಜ್ಯಗಳಲ್ಲಿ ಬಹುಮತ. 1901ರಿಂದ ಈವರೆಗೆ ಇಟ್ಟದ್ದು 45 ಪ್ರಸ್ತಾಪ, ಗೆದ್ದದ್ದು 8.

ಗೆಲುವು ಒಪ್ಪಿಗೆ ಅಲ್ಲ ಅನ್ನುವುದು ಇಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 1951ರ ಏಪ್ರಿಲಿನಲ್ಲಿ ಪ್ರಧಾನಿ ಮೆಂಜಿಸ್ ಚುನಾವಣೆ ಗೆದ್ದರು. ಸೆಪ್ಟೆಂಬರಿನಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸುವ ಅಧಿಕಾರ ಕೊಡಿ ಅಂತ ಜನಮತ ಕೇಳಿದರು. ಜನ ಕೊಡಲಿಲ್ಲ. ಐದೇ ತಿಂಗಳ ಅಂತರ, ಅವೇ ಮತದಾರರು! 2022ರಲ್ಲಿ ಲೇಬರ್ ಪಕ್ಷದ ಅಲ್ಬನೀಸಿ ಗೆದ್ದ ರಾತ್ರಿಯೇ ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ದನಿ ಕೊಡುತ್ತೇನೆ ಅಂದರು. 2023ರ ಅಕ್ಟೋಬರಿನಲ್ಲಿ ಸುಮಾರು ಶೇ. 60 ಜನ ಬೇಡ ಅಂದರು. ಆರಕ್ಕೆ ಆರು ರಾಜ್ಯಗಳೂ ಬೇಡ ಅಂದವು. 2025ರಲ್ಲಿ ಅದೇ ಅಲ್ಬನೀಸಿಯನ್ನು ಇನ್ನೂ ದೊಡ್ಡದಾಗಿ ಗೆಲ್ಲಿಸಿದರು.

ನಾನು ಆಗ ಹೌದು ಅಂತ ಹಾಕಿದವಳು. ಸೋತ ಬೇಜಾರು ಇನ್ನೂ ಇದೆ. ಆದರೂ ಕೇಳಿ ಸೋತರು, ಕೇಳದೆ ಗೆಲ್ಲಲಿಲ್ಲ.

ಗೇಣಿ_ಮೊಮ್ಮಗ

ಅಲ್ಲೇ ಇದೆ ನೋಡಿ ನನ್ನ ಭಯ. ಕಡಿಮೆ ಸಂಖ್ಯೆಯ ಜನರ ನ್ಯಾಯವನ್ನು ಬಹುಸಂಖ್ಯೆಯ ಜನಮತಕ್ಕೆ ಇಟ್ಟರೆ ಇದೇ ಗತಿ. ಒಳಮೀಸಲಾತಿಯನ್ನೋ ಭೂಸುಧಾರಣೆಯನ್ನೋ ಹಾಗೆ ಇಟ್ಟಿದ್ದರೆ ಏನಾಗುತ್ತಿತ್ತು?

ಕರಿಕೋಟು

ಜನಮತದ ಯೋಚನೆ ನಮ್ಮಲ್ಲೂ ಬಂದಿತ್ತು. ಮರೆತುಹೋಗಿದೆ ಅಷ್ಟೇ.

ಜನತಾ ಪಕ್ಷ 1977ರಲ್ಲಿ 42ನೇ ತಿದ್ದುಪಡಿ ಕಿತ್ತುಹಾಕುತ್ತೇವೆ ಅಂತಲೇ ಓಟು ಕೇಳಿತ್ತು. ಗೆದ್ದ ಮೇಲೂ ರಾಜ್ಯಸಭೆಯಲ್ಲಿ ಕಾಂಗ್ರೆಸ್ಸೇ ಜಾಸ್ತಿ. ಹಾಗಾಗಿ ಸೋತವರ ಜೊತೆ ಕೂತು ಮಾತಾಡಿ 43 ಮತ್ತು 44 ತಂದರು. ತುರ್ತುಪರಿಸ್ಥಿತಿ ಹೇರಲು "ಆಂತರಿಕ ಕ್ಷೋಭೆ" ಸಾಲದು, "ಸಶಸ್ತ್ರ ಬಂಡಾಯ" ಇರಬೇಕು ಅಂತ ಮಾಡಿದರು. ಲೋಕಸಭೆ ಮತ್ತೆ ಐದು ವರ್ಷಕ್ಕೆ ಬಂತು. ಆಸ್ತಿ ಹಕ್ಕನ್ನು ಮೂಲಭೂತ ಹಕ್ಕಿನಿಂದ ತೆಗೆದರು. ಗೇಣಿ_ಮೊಮ್ಮಗ ಅವರೇ, ನಿಮಗೆ ಬೇಕಾದದ್ದನ್ನು ಕೊನೆಗೆ ಪೂರ್ತಿ ಮಾಡಿದ್ದು ಇಂದಿರಾ ಅಲ್ಲ, ಜನತಾ.

44 ಆದ ಅದೇ ಮಸೂದೆಯಲ್ಲಿ ಕಾನೂನು ಮಂತ್ರಿ ಶಾಂತಿ ಭೂಷಣ್ ಇನ್ನೊಂದು ಕಲಂ ಇಟ್ಟಿದ್ದರು. ಜಾತ್ಯತೀತ, ಪ್ರಜಾಪ್ರಭುತ್ವದ ಗುಣ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ಸ್ವತಂತ್ರ ನ್ಯಾಯಾಂಗ ಇವನ್ನು ಕುಗ್ಗಿಸುವ ತಿದ್ದುಪಡಿಗೆ ಜನಮತ ಕಡ್ಡಾಯ ಅಂತ. ಲೋಕಸಭೆ ಒಪ್ಪಿತು. ರಾಜ್ಯಸಭೆ ಆ ಕಲಂ ಕಿತ್ತುಹಾಕಿತು.

ಗಮನಿಸಿ, ಅದು ಕುಗ್ಗಿಸುವ ತಿದ್ದುಪಡಿಗೆ ಮಾತ್ರ. ನಿಮ್ಮ ಭಯಕ್ಕೆ ಒಂದಿಷ್ಟು ಉತ್ತರ ಅಲ್ಲಿತ್ತು.

ಆಮೇಲಿನದು ಕೋರ್ಟ್ ಕಡೆಯಿಂದ. 1980ರ ಜನವರಿಯಲ್ಲಿ ಇಂದಿರಾ 353 ಸೀಟಿನೊಂದಿಗೆ ವಾಪಸ್ ಬಂದರು. ಅದೇ ವರ್ಷ ಮಿನರ್ವಾ ಮಿಲ್ಸ್ ತೀರ್ಪು. ನಮ್ಮ ಬೆಂಗಳೂರಿನ ಜವಳಿ ಮಿಲ್ಲಿನ ಕೇಸು, ವಾದಿಸಿದ್ದು ನಾನಿ ಪಾಲ್ಖಿವಾಲಾ. ಕೋರ್ಟ್ ತಿದ್ದುಪಡಿಯನ್ನು ಪ್ರಶ್ನಿಸುವಂತಿಲ್ಲ ಅಂತ 42ರಲ್ಲಿ ಸೇರಿಸಿದ್ದ ಭಾಗ ರದ್ದಾಯಿತು. ತಿದ್ದುವ ಅಧಿಕಾರಕ್ಕೆ ಮಿತಿ ಇದೆ, ಆ ಮಿತಿಯೇ ಮೂಲ ಚೌಕಟ್ಟಿನ ಭಾಗ ಅಂದರು. 353 ಸೀಟಿದ್ದರೂ ಅವರು ಆ ಭಾಗವನ್ನು ಮತ್ತೆ ತರಲು ಹೋಗಲಿಲ್ಲ.

ಸುಮ್ನೆ_ಓದುಗ

ಕೋರ್ಟೂ ಇಲ್ಲ, ಜನಮತವೂ ಇಲ್ಲ ಅಂದರೆ ಏನಾಗುತ್ತದೆ ಅಂತ ಹಂಗೇರಿ ನೋಡಿ. 2010ರಲ್ಲಿ ಓರ್ಬಾನ್ ಪಕ್ಷಕ್ಕೆ ಸುಮಾರು ಶೇ. 53 ಮತ, ಸೀಟು ಮೂರನೇ ಎರಡಕ್ಕಿಂತ ಜಾಸ್ತಿ. ಅಲ್ಲಿ ಅಷ್ಟಿದ್ದರೆ ಸಂವಿಧಾನ ಬರೆಯಲು ಸಾಕು. 2011ರ ಏಪ್ರಿಲಿಗೆ ಪೂರ್ತಿ ಹೊಸ ಸಂವಿಧಾನ. ಜನರನ್ನು ಮತ್ತೆ ಕೇಳಲಿಲ್ಲ.

ಎಡನೀರು_ಕಡೆಯವ

ನನಗೊಂದು ಸಣ್ಣ ಅನುಮಾನ. 42ನೆಯದು ಅಷ್ಟು ಕೆಟ್ಟದ್ದು ಅಂತ ಎಲ್ಲರೂ ಒಪ್ಪಿದೆವು. ಅದರಲ್ಲಿ ಎಷ್ಟೋ ಇವತ್ತಿಗೂ ಉಳಿದಿದೆಯಲ್ಲ? ಪೀಠಿಕೆಯ ಸಮಾಜವಾದಿ, ಜಾತ್ಯತೀತ. ಮೂಲಭೂತ ಕರ್ತವ್ಯಗಳು. ಶಿಕ್ಷಣ, ಅರಣ್ಯ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರವೂ ಕಾನೂನು ಮಾಡಬಹುದಾದ ಪಟ್ಟಿಗೆ ಹೋದದ್ದು.

ಹುಬ್ಬಳ್ಳಿ_ಮಿರ್ಚಿ

ಅದಕ್ಕಿಂತ ದೊಡ್ಡದು ಒಂದಿದೆ. ಲೋಕಸಭೆಯ ಸೀಟು ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿ ಹಾಕಿದ್ದು ಕೂಡ 42ನೇ ತಿದ್ದುಪಡಿಯೇ. ಮೊದಲು 2001ರ ತನಕ. ಆಮೇಲೆ ವಾಜಪೇಯಿ ಕಾಲದಲ್ಲಿ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿವರೆಗೆ ಎಳೆಯಿತು. ಕರ್ನಾಟಕದ 28 ಸೀಟಿನ ಪಾಲು ಉತ್ತರದವರ ಮುಂದೆ ಕರಗದೆ ನಿಂತಿರುವುದು ಅದರಿಂದ. ದಕ್ಷಿಣದವರೆಲ್ಲ ಈಗ ಅದನ್ನೇ ಉಳಿಸಿ ಅನ್ನುತ್ತಿದ್ದೇವೆ. ಜುಲೈ 2024ರಲ್ಲಿ ನಮ್ಮ ವಿಧಾನಸಭೆ ಮಾಡಿದ ನಿರ್ಣಯಗಳಲ್ಲಿ ಕ್ಷೇತ್ರ ಮರುವಿಂಗಡಣೆಯದ್ದೂ ಒಂದು.

ಅವಧಿ ಮುಗಿದ ಸಭೆ, ಜೈಲಿನಲ್ಲಿದ್ದ ವಿರೋಧ ಪಕ್ಷ, ಯಾರೂ ಕೇಳದ ಒಪ್ಪಿಗೆ. ಅದೇ ತಿದ್ದುಪಡಿಯ ಈ ತುಂಡು ಮಾತ್ರ ನಮಗೆ ಬೇಕು. ಹೇಗೆ ಸಮರ್ಥಿಸುತ್ತೀರಿ, ಅರಳೀಕಟ್ಟೆ ಸಾಹೇಬರೇ?

ಅರಳೀಕಟ್ಟೆ

ಸಮರ್ಥಿಸಬಹುದು. 42ರ ಹೆಸರಿನಲ್ಲಿ ಅಲ್ಲ, ಆಮೇಲಿನದರ ಹೆಸರಿನಲ್ಲಿ. 1977ರಲ್ಲಿ ಜನತಾ ಅದನ್ನು ಕೀಳಬಹುದಿತ್ತು, ಬಿಟ್ಟಿತು. 84ನೇ ತಿದ್ದುಪಡಿ ತಂದದ್ದು ಮೈತ್ರಿ ಸರ್ಕಾರ, ಕಾಂಗ್ರೆಸ್ಸೂ ಬೆಂಬಲಿಸಿತು. 1976ರಲ್ಲಿ ಇಲ್ಲದ ಒಪ್ಪಿಗೆ ಹಾಗೆ ನಿಧಾನವಾಗಿ ಸೇರಿಕೊಂಡಿತು. ಕೋರ್ಟಿಗೆ ಬೀಗ ಹಾಕುವ ಭಾಗಕ್ಕೆ ಹಾಗೆ ಆಗಲಿಲ್ಲ, ಅದು ಹೋಯಿತು.

ಕನಕಪುರ_ರಸ್ತೆ

ಹಾಗಾದರೆ ಜನಸಂಖ್ಯೆ ಜಾಸ್ತಿ ಇರುವ ರಾಜ್ಯಗಳಲ್ಲೇ ಗುಡಿಸಿ ಗೆದ್ದ ಒಂದು ಮೈತ್ರಿಕೂಟ ನಾಳೆ ಬಂದು ಹೊಸ ಜನಗಣತಿ ಪ್ರಕಾರ ಸೀಟು ಹಂಚುತ್ತೇವೆ ಅಂದರೆ? ಪ್ರಣಾಳಿಕೆಯಲ್ಲಿ ಬರೆದಿರುತ್ತಾರೆ. ಕೇಳಿಯೇ ಗೆದ್ದಿರುತ್ತಾರೆ. ದಕ್ಷಿಣದಲ್ಲಿ ಮಾತ್ರ ಸೋತಿರುತ್ತಾರೆ.

ಕರಿಕೋಟು

ಅದಕ್ಕೆ ತಿದ್ದುಪಡಿಯೇ ಬೇಕಿಲ್ಲ. ತಡೆ ತಾನಾಗಿ ಮುಗಿದರೆ ಸಂವಿಧಾನದ ಮೂಲ ನಿಯಮವೇ ಜಾರಿಗೆ ಬರುತ್ತದೆ. ತಿದ್ದುಪಡಿ ಬೇಕಾಗುವುದು ತಡೆಯನ್ನು ಮುಂದುವರಿಸಬೇಕು ಅನ್ನುವವರಿಗೆ. ಅಂದರೆ ನಮಗೆ. ಆ ಮೂರನೇ ಎರಡು ಎಲ್ಲಿಂದ ತರುತ್ತೀರಿ ಅನ್ನುವುದೇ ಈಗಿನ ಪ್ರಶ್ನೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದು ತುಂಬಾ ಉದ್ದವಾಯಿತು.